ತಿಂಗಳಿಗೆ ಎರಡು ಸಾವಿರ ಗಜ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ವಿದ್ಯಾರ್ಥಿಗಳೊಡನೆ ಒಂದು ಸಂವಾದವನ್ನು ಚಿತ್ರೀಕರಿಸುತ್ತಿದ್ದೆವು. ಒಳ್ಳೆಯ ಅಭ್ಯಾಸಗಳನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬುದು ವಿಷಯ. ಅತಿಥಿಗಳು ಸೊಗಸಾಗಿ ಮಾತನಾಡಿದರು. ಬೇಗ ಏಳುವುದು, ಸಮಯಪಾಲನೆ, ದಿನಚರಿ ಬರೆಯುವುದು ಎಲ್ಲವೂ ಬಂದವು. ಇನ್ನೈದು ನಿಮಿಷದಲ್ಲಿ ಮುಗಿಯಬೇಕು ಎನ್ನುವಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಸರ್, ಬೆಳಿಗ್ಗೆ ಐದಕ್ಕ ಎದ್ದು ಓದಬೇಕಂತ ಪ್ರತಿ ತಿಂಗಳೂ ಶುರು ಮಾಡ್ತೀನ್ರಿ. ಮೂರು ದಿನ ನಡೀತೈತಿ. ನಾಲ್ಕನೇ ದಿನ ಬಿಟ್ಟು ಹೋಗ್ತೈತಿ. ಯಾಕ್ರಿ?”

“ದೃಢ ಸಂಕಲ್ಪ ಬೇಕಪ್ಪ” ಎಂದರು ಅತಿಥಿಗಳು.

“ಸಂಕಲ್ಪ ಐತಿ ಅಂತನ ಅಲ್ರಿ ಪ್ರತಿ ತಿಂಗಳೂ ಶುರು ಮಾಡೋದು?”

ಎಲ್ಲರೂ ನಕ್ಕರು. ಅವನ ಪಕ್ಕದ ಸಾಲಿನಲ್ಲಿ ಮಲ್ಲಿಗೆ ಕಟ್ಟುವ ಮನೆಯಿಂದ ಬಂದಿದ್ದ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ವೇಳೆ ಮುಗಿದಿತ್ತು. ಅತಿಥಿಗಳನ್ನು ಕಳಿಸಿ ಸಾಮಾನು ಕಟ್ಟುವಾಗಲೂ ಹುಡುಗನ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಸಂಕಲ್ಪ ಅವನಲ್ಲಿ ಇತ್ತು, ತಿಂಗಳಿಗೊಂದು ಇತ್ತು. ಕೊರತೆ ಬೇರೆ ಎಲ್ಲೋ ಇರಬೇಕು. ವರ್ಷದ ಮೊದಲ ಎರಡು ವಾರ ಮಾತ್ರ ತುಂಬಿರುವ ಡೈರಿಗಳು ನನ್ನ ಮನೆಯಲ್ಲೂ ಸಾಕಷ್ಟು ಇವೆ.

ಹಿಂದಿರುಗುವ ದಾರಿಯಲ್ಲಿ ಕೂಡ್ಲಿಗಿಯಲ್ಲಿ ಇಳಿದೆವು. ಅಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಇರಿಸಿರುವ ಸ್ಮಾರಕವಿದೆ. ಆ ಸ್ಮಾರಕದ ಮುಂದೆ ನಿಂತಾಗ, ಚರಿತ್ರೆಯ ಪಠ್ಯಪುಸ್ತಕದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗದ ಒಂದು ಸಂಗತಿ ನೆನಪಾಯಿತು. ಈ ದೇಶದ ಅತಿ ದೊಡ್ಡ ರಾಜಕೀಯ ಸಂಸ್ಥೆಯೊಂದು, ತನ್ನ ಸದಸ್ಯರೆಲ್ಲರೂ ದಿನಕ್ಕೆ ಅರ್ಧ ಗಂಟೆಯ ಒಂದು ಅಭ್ಯಾಸವನ್ನು ಬೆಳೆಸಿಕೊಳ್ಳಬೇಕೆಂದು ನಿಯಮ ಮಾಡಿ ಪ್ರಯತ್ನಿಸಿತ್ತು. ಆ ನಿಯಮ ಕಾಂಗ್ರೆಸ್ ಅಧಿವೇಶನದ ಒಪ್ಪಿಗೆ ಪಡೆದದ್ದು ನಮ್ಮ ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ. ಒಂದು ವರ್ಷ ತುಂಬುವುದರೊಳಗೆ ಅದು ಸೋತಿತು. ಹುಡುಗನ ‘ಯಾಕ್ರಿ’ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಸೋಲನ್ನು ನೋಡಬೇಕು. ಅದಕ್ಕೂ ಮೊದಲು ನಿಯಮವನ್ನು ಮುಂದಿಟ್ಟ ಮನುಷ್ಯನನ್ನು ನೋಡಬೇಕು.

ಗಾಂಧೀಜಿ ಎಂದೊಡನೆ ‘ಅವರು ಮಹಾತ್ಮರು, ನಮ್ಮಿಂದ ಅದೆಲ್ಲ ಆದೀತೆ’ ಎಂದು ಕೈಮುಗಿದು ಪಾರಾಗುವುದು ನಮ್ಮ ರೂಢಿ. 1925ರಿಂದ 1929ರವರೆಗೆ ವಾರವಾರ ಕಂತಿನಲ್ಲಿ ಬಂದ ಅವರ ಆತ್ಮಕಥೆಯನ್ನು ಓದಿದರೆ ಬೇರೊಬ್ಬ ಮನುಷ್ಯ ಎದುರಾಗುತ್ತಾನೆ. ಲಂಡನ್ನಿನಲ್ಲಿ ಓದುತ್ತಿದ್ದಾಗ ಅವರು ಖರ್ಚು ಮಾಡಿದ ಪ್ರತಿ ಕಾಸಿನ ಲೆಕ್ಕವನ್ನೂ ಬರೆದಿಡುತ್ತಿದ್ದರು. ಗಾಡಿಯ ಬಾಡಿಗೆ ಉಳಿಸಲು ನಡೆಯತೊಡಗಿದರು. ನಡಿಗೆ ಅಭ್ಯಾಸವಾಯಿತು, ಆರೋಗ್ಯವೂ ಉಳಿಯಿತು. ಮುಂದೆ ಸಾರ್ವಜನಿಕ ಹಣದ ಲಕ್ಷಾಂತರ ರೂಪಾಯಿಗಳನ್ನು ನಿಭಾಯಿಸಲು ಸಾಧ್ಯವಾದದ್ದು ಆ ಪುಟ್ಟ ಲೆಕ್ಕದ ಪುಸ್ತಕದ ಬಲದಿಂದ ಎಂದು ಅವರೇ ಹೇಳಿಕೊಂಡಿದ್ದಾರೆ.

ನನಗೆ ತುಂಬ ಹಿಡಿಸಿದ ಪ್ರಸಂಗ ಜೊಹಾನ್ಸ್‌ಬರ್ಗಿನದು. ವಕೀಲಿಕೆ ಜೋರಾಗಿ ನಡೆಯುತ್ತಿದ್ದ ಕಾಲ. ಭಗವದ್ಗೀತೆಯನ್ನು ಬಾಯಿಪಾಠ ಮಾಡಬೇಕೆಂಬ ಆಸೆ, ಬಿಡುವು ಮಾತ್ರ ಇಲ್ಲ. ಬೆಳಗಿನ ಕೆಲಸಗಳಲ್ಲಿ ಹಲ್ಲುಜ್ಜಲು ಹದಿನೈದು ನಿಮಿಷ, ಸ್ನಾನಕ್ಕೆ ಇಪ್ಪತ್ತು ನಿಮಿಷ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ನಿಂತು ಹಲ್ಲುಜ್ಜುವ ಜಾಗದ ಎದುರು ಗೋಡೆಗೆ ಶ್ಲೋಕ ಬರೆದ ಚೀಟಿಗಳನ್ನು ಅಂಟಿಸಿದರು. ಹಲ್ಲುಜ್ಜುತ್ತ ಹೊಸದನ್ನು ಕಲಿತು, ಸ್ನಾನ ಮಾಡುತ್ತ ಹಳೆಯದನ್ನು ನೆನೆಸಿಕೊಳ್ಳುತ್ತಿದ್ದರು. ಹೀಗೆಯೇ ಹದಿಮೂರು ಅಧ್ಯಾಯಗಳು ಕಂಠಸ್ಥವಾದವು. ಇದಕ್ಕಾಗಿ ಅವರು ನಿದ್ದೆ ಬಿಡಲಿಲ್ಲ, ಹೊಸ ವೇಳೆಯನ್ನೂ ಹುಡುಕಲಿಲ್ಲ. ದಿನವೂ ತಪ್ಪದೆ ನಡೆಯುವ ಒಂದು ಹಳೆಯ ಕೆಲಸದ ಬೆನ್ನಿಗೆ ಹೊಸ ಕೆಲಸವನ್ನು ಕಟ್ಟಿದರು. ಬೇರೆ ಕೆಲಸಗಳು ಬಂದ ಮೇಲೆ ಅದು ಮುಂದುವರಿಯಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಉಳಿದ ಐದು ಅಧ್ಯಾಯ ಹಾಗೆಯೇ ಉಳಿಯಿತು.

ಇನ್ನೊಂದು ಸಂಗತಿ ಬಳ್ಳಾರಿ ಸೀಮೆಗೆ ಹತ್ತಿರದ್ದು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ಟೋಪಿ, ಅಂಗಿ ಬಿಟ್ಟು ಮೊಳಕಾಲುದ್ದದ ತುಂಡು ಬಟ್ಟೆ ಉಟ್ಟರು. ಇದು ಜೀವಮಾನದ ಪ್ರತಿಜ್ಞೆಯೆಂದು ನಾವು ತಿಳಿದಿದ್ದೇವೆ. ಅಂದು ಅವರು ಹೇಳಿದ್ದು ಅಕ್ಟೋಬರ್ 31ರವರೆಗಾದರೂ ಹೀಗಿರುತ್ತೇನೆ ಎಂದು ಮಾತ್ರ. ಐದು ವಾರಕ್ಕಿಂತ ಸ್ವಲ್ಪ ಹೆಚ್ಚು. ಆ ಅವಧಿಯ ಎರಡನೆಯ ವಾರದಲ್ಲೇ ಅವರು ಬಳ್ಳಾರಿಗೆ ಬಂದದ್ದು. ಅಕ್ಟೋಬರ್ 1ರ ರಾತ್ರಿ, ಊರಿನ ಕಾಂಗ್ರೆಸ್ಸಿನಲ್ಲಿ ಕನ್ನಡ-ತೆಲುಗು ಪಕ್ಷಗಳ ಜಗಳವಿದ್ದುದರಿಂದ ಯಾರ ಮನೆಗೂ ಹೋಗದೆ ರೈಲು ನಿಲ್ದಾಣದಲ್ಲೇ ಕಳೆದರು. ಅಂದು ಆ ನಿಲ್ದಾಣದಲ್ಲಿ ಅವರನ್ನು ಕಂಡವರು ಒಂಬತ್ತು ದಿನದ ಹೊಸ ಅಭ್ಯಾಸವೊಂದನ್ನು ಕಂಡಿದ್ದರು. ಅದು ಸಾಯುವವರೆಗೆ ಉಳಿಯುತ್ತದೆಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಈಗ ನೂಲಿನ ವಿಷಯಕ್ಕೆ ಬರೋಣ. ಚರಕವೆಂದರೆ ಗಾಂಧೀಜಿ ಹುಟ್ಟಿನಿಂದ ಬಲ್ಲ ವಸ್ತು ಎಂಬ ಭಾವನೆ ನಮ್ಮಲ್ಲಿದೆ. 1909ರಲ್ಲಿ ‘ಹಿಂದ್ ಸ್ವರಾಜ್’ ಬರೆದಾಗ ಕೈಮಗ್ಗವನ್ನಾಗಲಿ ರಾಟೆಯನ್ನಾಗಲಿ ಕಂಡ ನೆನಪು ಅವರಿಗಿರಲಿಲ್ಲ. ಗುಜರಾತಿನಲ್ಲಿ ಆಶ್ರಮ ಹೂಡಿದ ಮೇಲೆ ಗಂಗಾಬೆನ್ ಎಂಬ ಮಹಿಳೆ ಊರೂರು ಅಲೆದು, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅಟ್ಟ ಸೇರಿದ್ದ ರಾಟೆಗಳನ್ನು ಪತ್ತೆ ಮಾಡಿದರು. ಗಾಂಧೀಜಿ ನೂಲಲು ಕಲಿತದ್ದು ಐವತ್ತರ ಆಸುಪಾಸಿನಲ್ಲಿ. ನೂಲು ಮತ್ತೆ ಮತ್ತೆ ಹರಿಯುತ್ತಿತ್ತು. 1922ರಿಂದ 1924ರವರೆಗೆ ಯೆರವಡಾ ಸೆರೆಮನೆಯಲ್ಲಿದ್ದಾಗ ದಿನಕ್ಕೆ ಹಲವು ಗಂಟೆ ಅರಳೆ ಹಿಂಜಿ, ಹಂಜಿ ಮಾಡಿ, ನೂತು ಕೈ ಪಳಗಿಸಿಕೊಂಡರು.

ಕರ್ನಾಟಕಕ್ಕೆ ರಾಟೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಕಾಯಕವೇ ನೂಲುವುದು. ರಾಟೆಯ ಭಾಗಗಳನ್ನೆಲ್ಲ ಹೆಸರಿಸಿ, ಅವುಗಳಲ್ಲಿ ದೇವತೆಗಳನ್ನು ಕಾಣಿಸುವ ಒಂದು ವಚನ ಆಕೆಯ ಹೆಸರಿನಲ್ಲಿದೆ. ರಾಟೆ ಭಾರತಕ್ಕೆ ಬಂದದ್ದು ಯಾವಾಗ ಎಂದು ಚರಿತ್ರಕಾರರು ವಾದಿಸುವಾಗ ಈ ವಚನವೂ ಸಾಕ್ಷಿಯಾಗಿ ಬರುತ್ತದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ರೆಮ್ಮವ್ವೆಗೆ ನೂಲು ಹೊಟ್ಟೆಪಾಡೂ ಹೌದು, ಧ್ಯಾನವೂ ಹೌದು.

1924ರ ಫೆಬ್ರವರಿಯಲ್ಲಿ ಗಾಂಧೀಜಿ ಬಿಡುಗಡೆಯಾಗಿ ಹೊರಬಂದಾಗ ಅಸಹಕಾರ ಚಳವಳಿಯ ಕಾವು ಆರಿತ್ತು. ಭಾಷಣಗಳಿದ್ದವು, ಠರಾವುಗಳಿದ್ದವು, ದಿನದಿನದ ಕೆಲಸವಿರಲಿಲ್ಲ. ಆ ವರ್ಷದ ಜೂನಿನಲ್ಲಿ ಅಹಮದಾಬಾದಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಮುಂದೆ ಅವರು ಒಂದು ಸಲಹೆ ಇಟ್ಟರು. ಕಾಂಗ್ರೆಸ್ ಸಮಿತಿಗಳಿಗೆ ಆಯ್ಕೆಯಾದ ಪ್ರತಿಯೊಬ್ಬರೂ ದಿನಕ್ಕೆ ಅರ್ಧ ಗಂಟೆಯಾದರೂ ನೂಲಬೇಕು. ತಿಂಗಳಿಗೆ 2,000 ಗಜ, ಸಮನಾದ, ಚೆನ್ನಾಗಿ ಹುರಿಗೊಂಡ ನೂಲನ್ನು ಖಾದಿ ಮಂಡಳಿಗೆ ಕಳಿಸಬೇಕು. ಕಳಿಸದವರ ಸ್ಥಾನ ತೆರವಾಗುತ್ತದೆ ಎಂಬ ದಂಡದ ಮಾತೂ ಇತ್ತು.

ವಿಜ್ಞಾನ ಓದಿದ ನನಗೆ ಈ ಅಂಕಿಯನ್ನು ಬಿಡಿಸಿ ನೋಡದೆ ಇರಲಾಗಲಿಲ್ಲ. ನೀವೂ ಕಾಗದ-ಪೆನ್ಸಿಲು ತೆಗೆದುಕೊಳ್ಳಿ. 2,000 ಗಜವೆಂದರೆ ಸುಮಾರು 1,829 ಮೀಟರು, ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 67 ಗಜ. ಅರ್ಧ ಗಂಟೆಯಲ್ಲಿ 67 ಗಜ ಬರಬೇಕಾದರೆ ಗಂಟೆಗೆ 134 ಗಜದ ವೇಗ ಸಾಕು. ಕೈ ಪಳಗಿದವರು ಇದರ ಎರಡರಷ್ಟನ್ನು ಸಲೀಸಾಗಿ ನೂಲುತ್ತಾರೆ. ಅಂದರೆ ನಿಯಮವನ್ನು ಹೊಸಬರ ಕೈಗೆ ಹೊಂದುವಂತೆ ಅಳೆದು ಇಡಲಾಗಿತ್ತು. ನೂಲಿನ ಸಪೂರವನ್ನು ಹೇಳಲು ‘ನಂಬರು’ ಎಂಬ ಲೆಕ್ಕವಿದೆ. 840 ಗಜಕ್ಕೆ ಒಂದು ಲಡಿ. ಒಂದು ಪೌಂಡಿಗೆ ಎಷ್ಟು ಲಡಿ ತೂಗುತ್ತದೋ ಅದೇ ನಂಬರು. ಇಪ್ಪತ್ತನೇ ನಂಬರಿನ ನೂಲಾದರೆ 2,000 ಗಜದ ತೂಕ ಸುಮಾರು 54 ಗ್ರಾಂ. ತಿಂಗಳ ದುಡಿಮೆಯೆಲ್ಲ ಒಂದು ಅಂಗೈಯಲ್ಲಿ ಹಿಡಿಯುತ್ತದೆ.

ಇದರಿಂದ ಬಟ್ಟೆ ಎಷ್ಟು? ಇಂಚಿಗೆ 40 ಹಾಸು, 40 ಹೊಕ್ಕು ಎಂದು ಇಟ್ಟುಕೊಂಡರೆ ಒಂದು ಚದರ ಗಜ ಬಟ್ಟೆಗೆ 2,880 ಗಜ ನೂಲು ಬೇಕು. ತಿಂಗಳ ನೂಲಿನಿಂದ ಒಂದು ಚದರ ಗಜವೂ ಆಗುವುದಿಲ್ಲ. ವರ್ಷಪೂರ್ತಿ ತಪ್ಪಿಸದೆ ನೂತರೆ 24,000 ಗಜ. ಎಂಟು ಚದರ ಗಜಕ್ಕೆ ಸ್ವಲ್ಪ ಮೇಲೆ, ಎಂದರೆ ಒಂದೆರಡು ಅಂಗಿ, ಒಂದು ಪಂಚೆಯ ಬಟ್ಟೆ. ಲಂಕಾಶೈರಿನ ಗಿರಣಿಗಳನ್ನು ಒಬ್ಬ ವಕೀಲ ನೂತ ಐವತ್ತು ಗ್ರಾಂ ನೂಲು ಅಲುಗಿಸಲಾರದು ಎಂಬುದು ಗಾಂಧೀಜಿಗೆ ತಿಳಿಯದ್ದೇನಲ್ಲ. ಆ ವಕೀಲನು ದಿನವೂ ಅರ್ಧ ಗಂಟೆ ಬಡವನ ಕೆಲಸವನ್ನು ತನ್ನ ಕೈಯಿಂದ ಮಾಡಿದರೆ ವಕೀಲನೇ ಬದಲಾಗುತ್ತಾನೆ ಎಂಬುದು ಅವರ ನಿರೀಕ್ಷೆ.

ನೂಲುವುದು ಸುಲಭವೆಂದು ತಿಳಿಯಬೇಡಿ. ಬಲಗೈ ರಾಟೆ ತಿರುಗಿಸುತ್ತದೆ, ಎಡಗೈ ಹಂಜಿಯನ್ನು ಹಿಡಿದು ಹಿಂದೆ ಎಳೆಯುತ್ತದೆ. ಎರಡರ ಹದ ಒಂದಾಗಬೇಕು. ಎಳೆತ ಹೆಚ್ಚಾದರೆ ಎಳೆ ತೆಳುವಾಗುತ್ತದೆ. ಹುರಿ ಯಾವಾಗಲೂ ತೆಳುವಾದ ಕಡೆಗೇ ಓಡುತ್ತದೆ, ಏಕೆಂದರೆ ಅಲ್ಲಿ ತಿರುಚಲು ಪ್ರತಿರೋಧ ಕಡಿಮೆ. ಪರಿಣಾಮವಾಗಿ ದಪ್ಪ ಭಾಗಕ್ಕೆ ಹುರಿ ಸಾಲದೆ ನಾರುಗಳು ಜಾರುತ್ತವೆ, ನೂಲು ಅಲ್ಲಿ ಬಿಚ್ಚಿಕೊಳ್ಳುತ್ತದೆ. ಮಗ್ಗದ ಮೇಲೆ ಅಂಥ ನೂಲು ನಿಲ್ಲುವುದಿಲ್ಲ. ಆದ್ದರಿಂದಲೇ ಠರಾವಿನಲ್ಲಿ ಗಜದ ಅಳತೆಯ ಪಕ್ಕದಲ್ಲೇ ‘ಸಮನಾದ’ ಎಂಬ ಮಾತು ಕುಳಿತಿತ್ತು. ಗಾಂಧೀಜಿಯ ಬಂಧು ಮಗನಲಾಲ್ ಗಾಂಧಿಯವರು 1924ರಲ್ಲೇ ಪ್ರಕಟಿಸಿದ ‘ಚರಕಾ ಶಾಸ್ತ್ರ’ದಲ್ಲಿ ಈ ಕಸುಬಿನ ಸೂಕ್ಷ್ಮಗಳಿವೆ. ಇಂದು ನೂತದ್ದು ನಿನ್ನೆಯದಕ್ಕಿಂತ ಸಮವಾಗಿದೆಯೇ ಎಂದು ಬೆರಳಿನಲ್ಲೇ ನೋಡಿಕೊಳ್ಳಬಹುದಾದ ಕೆಲಸ ಇದು.

ಆದರೆ ರಾಜಕೀಯದವರು ಇದನ್ನು ಹಾಗೆ ನೋಡಲಿಲ್ಲ. ಅಹಮದಾಬಾದಿನಲ್ಲಿ ಮೋತಿಲಾಲ್ ನೆಹರೂ, ಚಿತ್ತರಂಜನ ದಾಸ್ ಮತ್ತು ಸಂಗಡಿಗರು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ದಂಡದ ಮಾತನ್ನು ಕೊನೆಗೆ ಕೈಬಿಡಬೇಕಾಯಿತು. ತಾವು ಸೋತೆವೆಂದು ಗಾಂಧೀಜಿ ತಮ್ಮ ಪತ್ರಿಕೆಯಲ್ಲೇ ಬರೆದುಕೊಂಡರು. ಮುಂದೆ ನವೆಂಬರಿನಲ್ಲಿ ಇಬ್ಬರು ನಾಯಕರೊಡನೆ ಅವರು ಒಂದು ಒಪ್ಪಂದಕ್ಕೆ ಬಂದರು. ಅದನ್ನು ಅಂಗೀಕರಿಸಿದ್ದು ಬೆಳಗಾವಿಯ ಅಧಿವೇಶನ.

ಬೆಳಗಾವಿ ಅಧಿವೇಶನ ಕನ್ನಡಿಗರಿಗೆ ಹಲವು ಕಾರಣಗಳಿಗೆ ಪ್ರಿಯವಾದದ್ದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಡೆಸಿದರು. ನೆರೆದ ಜಾಗಕ್ಕೆ ವಿಜಯನಗರವೆಂದು ಹೆಸರಿಟ್ಟು, ನೀರಿಗಾಗಿ ತೋಡಿದ ಬಾವಿಯನ್ನು ಪಂಪಾ ಸರೋವರವೆಂದು ಕರೆದರು. ಹಡಗಲಿ, ಕೂಡ್ಲಿಗಿಯ ಕಡೆಯವರಿಗೆ ತಮ್ಮ ಪಕ್ಕದ ಹಂಪಿಯೇ ಬೆಳಗಾವಿಗೆ ಬಂದು ಕುಳಿತಂತೆ. ಸ್ವಾಗತಗೀತೆ ಹಾಡಿದವರಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ ಇದ್ದರು. ಈ ವೈಭವದ ನಡುವೆ, 1924ರ ಡಿಸೆಂಬರ್ 26 ಮತ್ತು 27ರಂದು ಸೇರಿದ ಆ ಸಭೆ ಕಾಂಗ್ರೆಸ್ ಸದಸ್ಯತ್ವದ ನಾಲ್ಕಾಣೆ ಚಂದಾವನ್ನು ತೆಗೆದು, ತಿಂಗಳಿಗೆ 2,000 ಗಜ ನೂಲನ್ನು ಚಂದಾ ಮಾಡಿತು.

ಒಪ್ಪಂದದಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಕಾಯಿಲೆ, ಮನಸ್ಸಿಲ್ಲದಿರುವುದು ಅಥವಾ ಅಂಥದೇ ಕಾರಣವಿದ್ದರೆ ಬೇರೊಬ್ಬರು ನೂತ ಅಷ್ಟೇ ನೂಲನ್ನು ಕೊಡಬಹುದು. ಕಾಯಿಲೆಯ ಮಾತು ಒಪ್ಪತಕ್ಕದ್ದೇ. ‘ಮನಸ್ಸಿಲ್ಲದಿರುವುದು’ ಎಂಬ ಮಾತನ್ನು ಓದಿದಾಗಲೆಲ್ಲ ನನಗೆ, ವ್ಯಾಯಾಮಕ್ಕೆ ಬೇರೆಯವರನ್ನು ಕಳಿಸಿದವನ ಚಿತ್ರ ಕಣ್ಣಿಗೆ ಬರುತ್ತದೆ. ಮನಸ್ಸಿಲ್ಲದವರು ಪೇಟೆಯಲ್ಲಿ ನೂಲು ಕೊಂಡರು. ಗಜ ಸರಿಯಾಗಿತ್ತು, ತೂಕ ಸರಿಯಾಗಿತ್ತು. ಅಭ್ಯಾಸ ಬೆಳೆದದ್ದು ಯಾರದೋ ಬಡ ಹೆಂಗಸಿನ ಬೆರಳಿನಲ್ಲಿ. ಆಕೆಗಂತೂ ಅದು ಮೊದಲೇ ಇತ್ತು. ಇನ್ನು ಹಲವರು ಕೊಳ್ಳುವ ಗೋಜಿಗೂ ಹೋಗಲಿಲ್ಲ. ಸದಸ್ಯರ ಸಂಖ್ಯೆ ತೀರ ಇಳಿಯಿತು.

ಟೀಕೆ ಒಳಗಿನಿಂದ ಮಾತ್ರ ಬರಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ರವೀಂದ್ರನಾಥ ಠಾಕೂರರು ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಚರಕದ ಆರಾಧನೆಯನ್ನು ಕಟುವಾಗಿ ವಿಮರ್ಶಿಸಿದರು. ಒಂದೇ ಚಲನೆಯನ್ನು ದಿನವೂ ಮಾಡುತ್ತ ಹೋದರೆ ಮನುಷ್ಯನ ಮನಸ್ಸು ಜಡವಾಗುತ್ತದೆ, ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಬಾರದು ಎಂಬುದು ಅವರ ವಾದದ ಸಾರ. ಗಾಂಧೀಜಿ ನವೆಂಬರಿನಲ್ಲಿ ಉತ್ತರಿಸಿದರು. ಕವಿ ಕವಿತೆಯನ್ನು ಬಿಡಬೇಕೆಂದು ತಾವು ಕೇಳಿಲ್ಲ, ಅವರವರ ಕಸುಬಿನ ಜೊತೆಗೆ ದಿನಕ್ಕೆ ಮೂವತ್ತು ನಿಮಿಷವನ್ನು ಮಾತ್ರ ಕೇಳಿದ್ದು ಎಂದರು.

ಈ ವಾದದಲ್ಲಿ ಒಬ್ಬರೇ ಗೆದ್ದರೆಂದು ನನಗೆ ಅನ್ನಿಸುವುದಿಲ್ಲ. ಹೇಗಾದರೂ ಅರ್ಧ ಗಂಟೆ ಕಳೆದರೆ ಸಾಕು ಎಂದು ರಾಟೆ ತಿರುಗಿಸಿದವರ ವಿಷಯದಲ್ಲಿ ಠಾಕೂರರ ಮಾತು ನಿಜ. ಮಗ್ಗಿಯನ್ನು ಅರ್ಥವಿಲ್ಲದೆ ನೂರು ಸಲ ಬರೆಯಿಸಿಕೊಂಡ ನಿಮಗೂ ಅದು ಗೊತ್ತು. ನಿನ್ನೆಗಿಂತ ಇಂದು ಎಳೆ ಸಮವಾಗಲಿ ಎಂದು ಬೆರಳಿನ ತುದಿಯಲ್ಲಿ ಗಮನವಿಟ್ಟವನಿಗೆ ಅದೇ ಚಲನೆ ಎರಡು ದಿನ ಒಂದೇ ರೀತಿ ಇರುವುದಿಲ್ಲ. ಸಂಗೀತಗಾರರ ಸಾಧಕವನ್ನು ಕೇಳಿ ಬಲ್ಲ ಧಾರವಾಡ-ಗದಗಿನ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಷಡ್ಜ ಅದೇ, ಬೆಳಗಿನ ಜಾವ ಅದೇ.

1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಸಮಿತಿ ನಿಯಮವನ್ನು ಸಡಿಲಿಸಿತು. ನಾಲ್ಕಾಣೆಯನ್ನಾದರೂ ಕೊಡಿ, ಇಲ್ಲವೇ ತಾವೇ ನೂತ 2,000 ಗಜ ನೂಲನ್ನು ವರ್ಷಕ್ಕೆ ಕೊಡಿ ಎಂದಾಯಿತು. ತಿಂಗಳಿದ್ದ ಜಾಗದಲ್ಲಿ ವರ್ಷ ಬಂದಿತು. ಜನ ಯಾವುದನ್ನು ಆರಿಸಿಕೊಂಡರೆಂದು ಬೇರೆ ಹೇಳಬೇಕಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಹುಡುಗನಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಅದೇ ಪಾಟ್ನಾದಲ್ಲಿ ಅಖಿಲ ಭಾರತ ಚರಕ ಸಂಘ ಹುಟ್ಟಿತು. ಅದರ ಮೊದಲ ದರ್ಜೆಯ ಸದಸ್ಯನಾಗಲು ಸದಾ ಖಾದಿ ತೊಡಬೇಕು, ತಿಂಗಳಿಗೆ ತಾನೇ ನೂತ 1,000 ಗಜ ಕೊಡಬೇಕು. ಅಳತೆ ಅರ್ಧಕ್ಕೆ ಇಳಿದಿತ್ತು. ಕೊಂಡ ನೂಲಿನ ಕಿಂಡಿಯನ್ನು ಮುಚ್ಚಲಾಗಿತ್ತು. ಒತ್ತಾಯವಿರಲಿಲ್ಲ, ಬೇಕಾದವರು ಬರಬಹುದಿತ್ತು. ದೊಡ್ಡ ಸಂಸ್ಥೆಯ ನಿಯಮ ಹನ್ನೆರಡು ತಿಂಗಳು ಬಾಳಲಿಲ್ಲ. ಈ ಚಿಕ್ಕ ಸಂಘ ದಶಕಗಳ ಕಾಲ ನಡೆಯಿತು. ಬೆಳಗಾವಿ ಬಳಿಯ ಹುದಲಿಯಲ್ಲಿ ಗಂಗಾಧರರಾಯರು ಖಾದಿ ಕೆಲಸವನ್ನು ಕೈಗೆತ್ತಿಕೊಂಡು ಬೆಳೆಸಿದರು. 1937ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ತಂಗಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರ ಸುಮಾರಿಗೆ ಪ್ರಕಟಿಸಿದ ಒಂದು ಅಧ್ಯಯನವನ್ನು ಇಲ್ಲಿ ಪಕ್ಕಕ್ಕೆ ಇಟ್ಟು ನೋಡಬಹುದು. 96 ಸ್ವಯಂಸೇವಕರು ತಾವೇ ಆರಿಸಿಕೊಂಡ ಒಂದು ಸಣ್ಣ ಕೆಲಸವನ್ನು, ತಿಂಡಿಯ ನಂತರ ಎಂಬಂಥ ಗೊತ್ತಾದ ಹೊತ್ತಿಗೆ ಕಟ್ಟಿ, ಹನ್ನೆರಡು ವಾರ ದಿನವೂ ಮಾಡಿದರು. ಆ ಕೆಲಸ ಯೋಚಿಸದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದದ್ದು ಸರಾಸರಿ 66 ದಿನ. ಆದರೆ ಸರಾಸರಿಯನ್ನು ನಂಬಿ ಕೂರಬೇಡಿ: ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ದಿನ ಬೇಕಾದೀತೆಂದು ಲೆಕ್ಕ ಬಂದಿತು. 254 ಎಂಬುದು ಹನ್ನೆರಡು ವಾರದ ಗ್ರಾಫನ್ನು ಮುಂದಕ್ಕೆ ಎಳೆದು ಪಡೆದ ಅಂಕಿ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಮುಖ್ಯವಾದ ಇನ್ನೊಂದು ಫಲಿತಾಂಶವೂ ಇದೆ. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದೇನೂ ಕುಸಿಯಲಿಲ್ಲ. ನಾಲ್ಕನೇ ದಿನ ತಪ್ಪಿತೆಂದು ಮುಂದಿನ ತಿಂಗಳ ಒಂದನೇ ತಾರೀಖಿಗೆ ಕಾಯುವ ಹುಡುಗ ಐದನೇ ದಿನವೇ ಎದ್ದಿದ್ದರೆ ಸಾಕಿತ್ತು. ಅಂದಹಾಗೆ ದಿನಕ್ಕೆ 66 ಚಿಲ್ಲರೆ ಗಜ, ಅಭ್ಯಾಸಕ್ಕೆ 66 ದಿನ ಎಂದು ಎರಡು ಅಂಕಿ ಹೊಂದಿರುವುದು ಬರೀ ಆಕಸ್ಮಿಕ. ಯಾರಾದರೂ ಇದರಲ್ಲಿ ಗೂಢಾರ್ಥ ಹೇಳಿದರೆ ನಂಬಬೇಡಿ.

ತಪ್ಪುವ ವಿಷಯದಲ್ಲಿ ದೊಡ್ಡವರ ದಾಖಲೆಯೂ ನೋಡತಕ್ಕದ್ದೇ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರಂತೆ ಗಮನಕ್ಕೆ ತೆಗೆದುಕೊಂಡು, ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದರು. ವಸ್ತುಗಳನ್ನು ಅದರದರ ಜಾಗದಲ್ಲಿಡುವ ಗುಣ ಮಾತ್ರ ತಮಗೆ ಕೊನೆಗೂ ಒಲಿಯಲಿಲ್ಲ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಗಾಂಧೀಜಿಗೆ ಒಲಿಯದೆ ಹೋದದ್ದು ಕೈಬರಹ. ಬರಹ ಅಂದವಾಗಿರುವುದು ವಿದ್ಯೆಯ ಅಂಗವಲ್ಲ ಎಂದು ಹುಡುಗನಾಗಿದ್ದಾಗ ತಿಳಿದುಕೊಂಡಿದ್ದರು. ದಕ್ಷಿಣ ಆಫ್ರಿಕದಲ್ಲಿ ಇತರರ ದುಂಡಗಿನ ಅಕ್ಷರ ಕಂಡಾಗ ನಾಚಿಕೆಯಾಯಿತು, ತಿದ್ದಿಕೊಳ್ಳಲು ನೋಡಿದರು, ಸಾಧ್ಯವಾಗಲಿಲ್ಲ. ಐವತ್ತರಲ್ಲಿ ನೂಲು ಕಲಿತ ಅದೇ ಕೈಗೆ ಅಕ್ಷರ ತಿದ್ದಲಾಗಲಿಲ್ಲ. ಅವರ ಪತ್ರಗಳ ಛಾಯಾಚಿತ್ರಗಳನ್ನು ನೋಡಿದರೆ ಮಾತು ನಿಜವೆಂದು ತಿಳಿಯುತ್ತದೆ.

ಚರಕ ಸಂಘದ ಮುಂದಿನ ಚರಿತ್ರೆಯಲ್ಲಿ ಅಭ್ಯಾಸದ ಮಾತು ಹಿಂದೆ ಸರಿದು ಕೂಲಿಯ ಮಾತು ಮುಂದೆ ಬರುತ್ತದೆ. ನೂಲು ಯಜ್ಞವೆಂದು ಅರ್ಧ ಗಂಟೆ ನೂತವರು ಕೆಲವರು. ಹೊಟ್ಟೆಪಾಡಿಗೆಂದು ದಿನವಿಡೀ ನೂತ ಹೆಂಗಸರು ಲಕ್ಷಾಂತರ. ಅವರಿಗೆ ಸಿಗುತ್ತಿದ್ದುದು ಅತ್ಯಲ್ಪ. 1935ರಲ್ಲಿ ಗಾಂಧೀಜಿ ನೂಲುವವರಿಗೆ ಬದುಕಲು ಸಾಕಾಗುವ ಕನಿಷ್ಠ ಕೂಲಿ ಸಿಗಬೇಕೆಂದು ಪಟ್ಟು ಹಿಡಿದರು. ಅದಕ್ಕೂ ಮೊದಲು, 1929ರಲ್ಲಿ, ಎಂಟು ಗಂಟೆಯಲ್ಲಿ 16,000 ಗಜ ನೂಲುವ, ಹಳ್ಳಿಯಲ್ಲೇ ನಡೆಸಬಹುದಾದ ಚರಕವನ್ನು ಕಂಡುಹಿಡಿದವರಿಗೆ ಒಂದು ಲಕ್ಷ ರೂಪಾಯಿಯ ಬಹುಮಾನ ಘೋಷಿಸಲಾಗಿತ್ತು. ಯಾರೂ ಅದನ್ನು ಗೆಲ್ಲಲಿಲ್ಲ. ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ಚರಕ ಯೆರವಡಾದಲ್ಲಿ ರೂಪುಗೊಂಡದ್ದರಿಂದ ಅದಕ್ಕೆ ಯೆರವಡಾ ಚರಕವೆಂದೇ ಹೆಸರು ಬಂದಿತು. ತಮಿಳುನಾಡಿನ ಏಕಾಂಬರನಾಥನ್ ರೂಪಿಸಿದ ಅಂಬರ ಚರಕ 1950ರ ದಶಕದಲ್ಲಿ ಹಳ್ಳಿಗಳಿಗೆ ಬಂದಿತು.

ನಮ್ಮ ರಾಜ್ಯದಲ್ಲಿ ಈ ಎಳೆ ಹುಬ್ಬಳ್ಳಿಯ ಬೆಂಗೇರಿಯವರೆಗೆ ಬಂದಿದೆ. 1957ರಲ್ಲಿ ಅಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಕೆಗೆ ಹೆಸರಾದದ್ದು. ಧ್ವಜದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯಲ್ಪಡುತ್ತದೆ. ನೂಲಿನ ಬಲ, ಎಳೆಗಳ ಎಣಿಕೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಸರ್ಕಾರದ ಮಾನದಂಡವಿದೆ. ನೂಲುವ, ನೇಯುವ, ಹೊಲಿಯುವ ಕೈಗಳು ಬಹುಪಾಲು ಹೆಂಗಸರವು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿನ, ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅವಕಾಶ ಸಿಕ್ಕಾಗ ಮೊದಲು ಆತಂಕವಾದದ್ದು ಅವರಿಗೆ. 1925ರಲ್ಲಿ ‘ಮನಸ್ಸಿಲ್ಲ’ ಎಂದವರಿಗೆ ನೂಲು ಮಾರಿದ ಹೆಂಗಸರ ಹೆಸರು ಯಾವ ಠರಾವಿನಲ್ಲೂ ಇಲ್ಲ. ಅವರ ವಾರಸುದಾರರು ಇವರು.

ಇಟ್ಟಿಗಿಯ ಸಂವಾದದಲ್ಲಿ ಬಾಯಿ ತೆರೆದು ಸುಮ್ಮನಾದ ಹುಡುಗಿಯ ವಿಷಯ ಹೇಳುವುದು ಉಳಿಯಿತು. ದೀಪಗಳನ್ನು ಆರಿಸಿ, ತಂತಿ ಸುತ್ತುತ್ತಿದ್ದಾಗ ಅವಳು ಹತ್ತಿರ ಬಂದು, ಆ ಹುಡುಗನ ಕಡೆ ನೋಡುತ್ತ ಹೇಳಿದಳು.

“ನಾನೂ ಮೊದಲ ಐದಕ್ಕ ಏಳ್ತಿದ್ದಿಲ್ರಿ. ಮಲ್ಲಿಗಿ ಮೊಗ್ಗು ಅರಳೋದ್ರೊಳಗ ಕಟ್ಟಬೇಕಲ್ರಿ, ಅದಕ್ಕ ಎದ್ದೆ. ಮೊದಲನೇ ವರ್ಷ ನಂದು ಸಡಿಲ ಇರ್ತಿತ್ತು. ನಮ್ಮಜ್ಜಿ ಬಿಚ್ಚಿ ಮತ್ತ ಕಟ್ಟಸ್ತಿದ್ಲು. ಈಗ ಬಸ್ಸು ಬರೋದ್ರೊಳಗ ನನ್ನ ಪಾಲಿಂದು ಮುಗೀತೈತಿ. ಆಮೇಲೆ ಹೊತ್ತು ಉಳಿದ್ರ ಅಲ್ಲೇ ಕುಂತು ಓದ್ತೀನಿ.”

ದಿನಕ್ಕೆ ಎಷ್ಟು ಮಾರು ಕಟ್ಟಿದೆ ಎಂದು ಎಣಿಸಿ ಇಡುತ್ತೀಯೇನಮ್ಮ ಎಂದು ಕೇಳಿದೆ. ಕ್ಯಾಮೆರಾ ಆಗಲೇ ಪೆಟ್ಟಿಗೆ ಸೇರಿತ್ತು.

“ಎಣಿಸದಿದ್ರ ರೊಕ್ಕ ಹೆಂಗ ಕೊಡ್ತಾರ್ರಿ ಸರ್?”